ಮಡಿಗೆ ಅಂಜದ ಅಮೀಬಾ

ಮದುವೆಯಾಗಿ ಕುಮಾರಸ್ವಾಮಿ ಲೇಔಟಿನ ಮನೆಗೆ ಬಂದ ಎರಡು ವರ್ಷದಲ್ಲಿ ನಾನು ಹನ್ನೊಂದು ಕೆಜಿ ಇಳಿದೆ. ತೊಂಬತ್ತರ ದಶಕದ ನಡುಭಾಗ ಅದು. ಊಟವಾದ ಅರ್ಧ ಗಂಟೆಗೆ ಹೊಟ್ಟೆ ಹಿಂಡುತ್ತಿತ್ತು. ನಾನು ಪಾಠ ಮಾಡುತ್ತಿದ್ದ ಶಾಲೆಯವರು ಕನಿಕರದಿಂದ ಟಾಯ್ಲೆಟ್ ಪಕ್ಕದ ತರಗತಿಯನ್ನೇ ನನಗೆ ಕೊಟ್ಟಿದ್ದರು. ಒಬ್ಬ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು.

"ಹೊರಗಡೆ ತಿಂತಾಳೆ, ಅದಕ್ಕೇ" ಎಂದರು ಅತ್ತೆ. ನಾನು ಹೊರಗಡೆ ತಿನ್ನುತ್ತಿರಲಿಲ್ಲ. ಮಡಿಯುಟ್ಟು ಅವರು ಮಾಡಿದ್ದನ್ನೇ, ಅವರು ಕೈಯಲ್ಲಿ ಕಲಸಿಕೊಟ್ಟಿದ್ದನ್ನೇ ತಿನ್ನುತ್ತಿದ್ದೆ.

ಕೊನೆಗೆ ಜಯನಗರದ ಹಿರಿಯ ಡಾಕ್ಟರೊಬ್ಬರು ಮೂರು ದಿನ ಮಲ ಪರೀಕ್ಷೆ ಮಾಡಿಸಲು ಹೇಳಿದರು. "ಒಂದೇ ದಿನಕ್ಕೆ ಸಿಗಲ್ಲಮ್ಮ. ಬಚ್ಚಿಟ್ಕೊಂಡಿರುತ್ತೆ."

ಕ್ಯಾಮೆರಾ ರೀಲಿನ ಹಳೇ ಡಬ್ಬಿಯಲ್ಲಿ ಸ್ಯಾಂಪಲ್ ಹಾಕಿ, ಪೇಪರಿನಲ್ಲಿ ಸುತ್ತಿ, ಬ್ಯಾಗನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದ ಹೆಂಗಸು, "ಒಡವೇನಾ ಮೇಡಂ?" ಎಂದರು. ಅಲ್ಲ ಎಂದೆ. ಅವರು ನಂಬಲಿಲ್ಲ. "ಹುಷಾರು, ಜೇಬುಗಳ್ಳರಿದ್ದಾರೆ" ಎಂದರು.

ಮೂರನೆಯ ದಿನ ಅಮೀಬಾ ಸಿಕ್ಕಿತು. ಬಸ್ ಸ್ಟಾಪಿನಲ್ಲಿ ನಿಂತು ರಿಪೋರ್ಟನ್ನು ನಾಲ್ಕು ಸಲ ಓದಿದೆ. ನಾನು ಸುಳ್ಳು ಹೇಳುತ್ತಿರಲಿಲ್ಲ ಎಂಬುದಕ್ಕೆ ಒಂದು ಕಾಗದವಾದರೂ ಬಂತಲ್ಲ ಎಂದು ಕಣ್ಣು ತುಂಬಿತು.

ಮಾತ್ರೆ ತಿಂದೆ, ವಾಸಿಯಾಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಮನೆಯವರೆಲ್ಲರ ಪರೀಕ್ಷೆಯೂ ಆಗಲಿ ಎಂದರು ಡಾಕ್ಟರು. ಗಂಡನಿಗೆ ಏನೂ ಇರಲಿಲ್ಲ. ಒಂದು ದಿನವೂ ಹೊಟ್ಟೆನೋವು ಎನ್ನದ ಅತ್ತೆಗೆ ಇತ್ತು.

"ನನ್ನ ಹೊಟ್ಟೇಲಾ? ನಲವತ್ತು ವರ್ಷದಿಂದ ಮಡೀಲಿದೀನಿ."

"ಅದಕ್ಕೆ ಮಡಿ ಗೊತ್ತಾಗಲ್ಲಮ್ಮ, ಸೋಪು ಗೊತ್ತಾಗುತ್ತೆ" ಎಂದರು ಡಾಕ್ಟರು.

ಒಂದು ವಾರ ಅತ್ತೆಯೂ ನಾನೂ ಒಟ್ಟಿಗೆ ಮಾತ್ರೆ ನುಂಗಿದೆವು. ಬಾಯೆಲ್ಲ ತುಕ್ಕು ನೆಕ್ಕಿದ ಹಾಗಿತ್ತು. ಈ ಔಷಧಿ ಹೊಟ್ಟೆಯ ಒಳ್ಳೆಯ ಜೀವಿಗಳನ್ನೂ ಕೊಂದಿರುತ್ತದೆ, ಕೆಲವು ತಿಂಗಳು ಮೊಸರು, ಮಜ್ಜಿಗೆ, ಗಂಜಿ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು.

ಎಂಟನೆಯ ದಿನ ಅತ್ತೆ ಅಡುಗೆಮನೆಯ ಹೆಪ್ಪನ್ನು ತೆಂಗಿನ ಬುಡಕ್ಕೆ ಸುರಿದರು. ಅದು ಅವರ ತವರಿನಿಂದ ಬಂದ ಹೆಪ್ಪು. "ಅದರಲ್ಲೂ ನನ್ನ ಕೈ ಬಿದ್ದಿದೆ" ಎಂದರು. ಲೋಟ ಹಿಡಿದು ಎದುರು ಮನೆಗೆ ಹೋದರು. ಆ ಮನೆಯಲ್ಲಿ ಅದುವರೆಗೆ ಅವರು ನೀರೂ ಮುಟ್ಟಿದವರಲ್ಲ.

"ಒಂಚೂರು ಹೆಪ್ಪು ಕೊಡ್ತೀರಾ?"

ಎದುರು ಮನೆಯಾಕೆ ಗಾಬರಿಯಾಗಿ ಲೋಟದ ತುಂಬ ಮೊಸರೇ ಕೊಟ್ಟರು.

ಅಂದಿನಿಂದ ಅತ್ತೆ ದಿನವೂ ನನಗೆ ಶಾಲೆಗೆ ಒಂದು ಬಾಟಲಿ ಮಜ್ಜಿಗೆ ಕಟ್ಟಿಕೊಟ್ಟರು. ಸಂಜೆ ಬಾಟಲಿ ಖಾಲಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡುತ್ತಿದ್ದರು. ತಪ್ಪಾಯಿತು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದಾರು ತಿಂಗಳ ನಂತರ ಒಂದು ಭಾನುವಾರ ಎರಡು ತಟ್ಟೆ ಬಿಸಿಬೇಳೆಬಾತು ತಿಂದು ಸಂಜೆಯವರೆಗೆ ಮಲಗಿದೆ. ಯಾರೂ ಎಬ್ಬಿಸಲಿಲ್ಲ.