ಮೂರನೇ ಗೇರಿನ ಗರಗರ ಸದ್ದು

೨೦೨೨ರ ಡಿಸೆಂಬರ್ ತಿಂಗಳು. ಸರ್ಕಾರಿ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಕಡೂರಿನಲ್ಲಿ ಮನೆಯ ಪಕ್ಕಕ್ಕೇ ಒಂದು ಶೀಟಿನ ಶೆಡ್ ಹಾಕಿಕೊಂಡು ಗುರುತಿನವರ ಕಾರುಗಳನ್ನಷ್ಟೇ ನೋಡುತ್ತಿದ್ದೆ. ಆ ಶೆಡ್ಡಿನಲ್ಲಿ ಒಂದು ಶನಿವಾರ ನಡೆದದ್ದನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಅದಕ್ಕೆ ಅರ್ಧ ಕಾರಣ ಇಲಿ. ಉಳಿದರ್ಧ ಸ್ಪ್ಯಾನರ್ ಹಿಡಿದ ನಮ್ಮಂಥ ಗಂಡಸರು.

ಬಂದದ್ದು ಅಜ್ಜಂಪುರದ ಕಡೆಯ ಮಂಜುಳಾ, ಮೂವತ್ತೆಂಟರ ಹೆಂಗಸು. ಊರೂರು ತಿರುಗಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಆಕೆಯ ಕೆಲಸ. ಹಸು ಬೆದೆಗೆ ಬಂದಿದೆಯೆಂದು ಫೋನ್ ಬಂದರೆ ಅಂದೇ ಹೋಗಬೇಕು, ಮರುದಿನ ಹೋದರೆ ಏನೂ ಪ್ರಯೋಜನವಿಲ್ಲ. ಸ್ಕೂಟರಿನಿಂದ ಬಿದ್ದು ಮೊಣಕಾಲು ಮುರಿದುಕೊಂಡ ಮೇಲೆ ಹಟ ಹಿಡಿದು ಕಾರು ಕಲಿತು, ಹಳೆಯದೊಂದನ್ನು ಕೊಂಡಿದ್ದರು. ಅಂದು ಕಾರು ಓಡಿಸಿಕೊಂಡು ಬಂದವರು ಮಾತ್ರ ಆಕೆಯ ಗಂಡನ ಅಣ್ಣ ಸಿದ್ದಪ್ಪ. ಮಂಜುಳಾ ಹಿಂದಿನ ಸೀಟಿನಲ್ಲಿ ಕೂತಿದ್ದರು.

ಇಳಿಯುತ್ತಲೇ ಸಿದ್ದಪ್ಪ ಶುರು ಮಾಡಿದರು. "ಮೇಸ್ತ್ರಿ, ಗೇರ್‌ಬಾಕ್ಸ್ ಹೋಗೈತೆ. ಅಜ್ಜಂಪುರದಲ್ಲೂ ಹಂಗೇ ಅಂದ್ರು, ತರೀಕೆರೇಲೂ ಹಂಗೇ ಅಂದ್ರು. ಸೋಮವಾರ ಗಾಡಿ ತಗಳ್ಳೋರು ಬತ್ತಾರೆ. ನೀವೂ ಒಂದ್ಮಾತು ಹೇಳ್ಬಿಟ್ರೆ ಇವಳಿಗೆ ಸಮಾಧಾನ ಆಯ್ತದೆ."

ಅಂದರೆ ನನ್ನ ಬಳಿ ಬಂದದ್ದು ರಿಪೇರಿಗಲ್ಲ, ಸಾಕ್ಷಿ ಹೇಳಿಸುವುದಕ್ಕೆ. ಕಾರು ಹೋದರೆ ಮಂಜುಳಾರ ಕೆಲಸವೂ ಹೋಗುತ್ತದೆ ಎಂಬುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ನಾನು ಏನು ತೊಂದರೆಯೆಂದು ಕೇಳಿದೆ. ಮಂಜುಳಾ ಮುಂದೆ ಬಂದು, "ಮೂರನೇ ಗೇರಲ್ಲಿ ನಲವತ್ತರ ಹತ್ರ ಹೋಗೋವಾಗ ಗರಗರ ಅಂತದೆ ಮೇಸ್ತ್ರಿ. ಗೇರ್ ರಾಡನ್ನ ಕೈಯಲ್ಲಿ ಗಟ್ಟಿಯಾಗಿ ಹಿಡ್ಕಂಡ್ರೆ ನಿಂತೋಗ್ತದೆ" ಎಂದರು.

ಈ ಮಾತನ್ನು ಕೇಳಿ ನಾನು ಹೇಳಿದ್ದೇನು ಗೊತ್ತೆ? "ಅದೇ ತಾಯಿ ತಪ್ಪು. ಯಾವಾಗ್ಲೂ ಕೈ ಗೇರ್ ಮೇಲಿಟ್ಕಂಡು ಓಡಿಸಿದ್ರೆ ಒಳಗೆ ಗೇರ್ ತಳ್ಳೋ ಫೋರ್ಕ್ ಸವೀತದೆ. ಕ್ಲಚ್ಚೂ ಪೂರ್ತಿ ಒತ್ಬೇಕು." ಸಿದ್ದಪ್ಪ ಗೆದ್ದವರ ಹಾಗೆ ತಲೆಯಾಡಿಸಿದರು. ಆ ಉಪದೇಶವನ್ನು ಈಗ ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ತರೀಕೆರೆಯ ಗ್ಯಾರೇಜಿನವನು ಡಿಪೋದಲ್ಲಿ ನನ್ನ ಕೈಕೆಳಗೇ ಕೆಲಸ ಕಲಿತವನು. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದಾಗ ಏನು ಕಂಡಿತೆಂದು ತಿಳಿದುಕೊಳ್ಳಲು ಫೋನ್ ಮಾಡಿದೆ. ಅವನು ನಕ್ಕ. "ಹೆಂಗಸ್ರು ಓಡ್ಸೋ ಗಾಡಿ ಕಣಣ್ಣ, ಬಿಚ್ಚಿ ನೋಡೋದೇನೈತೆ?" ಎಂದ.

ಬಿಚ್ಚಿಯೇ ಇರಲಿಲ್ಲ. ಐದು ನಿಮಿಷ ಓಡಿಸಿ, ಗೇರ್‌ಬಾಕ್ಸ್ ಸತ್ತಿದೆಯೆಂದು ತೀರ್ಪು ಕೊಟ್ಟಿದ್ದ. ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದವನಿಗೆ, ಎರಡು ನಿಮಿಷದ ಕೆಳಗೆ ನಾನೂ ಮಾಡಿದ್ದು ಅದೇ ಎಂಬುದು ಹೊಳೆಯಿತು. ನಾನು ಕಾರನ್ನು ಓಡಿಸಿಯೂ ನೋಡಿರಲಿಲ್ಲ.

ಫೋನಿಟ್ಟು, ಮಂಜುಳಾರನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತೆ. ಬೀರೂರು ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋದೆವು. ಕ್ಲಚ್ ಪೂರ್ತಿ ಒತ್ತುತ್ತಿದ್ದರು, ಗೇರುಗಳು ಬೆಣ್ಣೆಯಂತೆ ಬೀಳುತ್ತಿದ್ದವು. ಮೂರನೇ ಗೇರಿನಲ್ಲಿ ನಲವತ್ತು ಮುಟ್ಟಿದಾಗ ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಸದ್ದು ಬಂತು. ಅವರು ಗೇರ್ ಲಿವರ್ ಹಿಡಿದರು, ಸದ್ದು ನಿಂತಿತು. ಬಿಟ್ಟರು, ಮತ್ತೆ ಬಂತು.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಲ್ಲು ಅಥವಾ ಬೇರಿಂಗ್ ಸವೆದು ಗೇರ್‌ಬಾಕ್ಸಿನೊಳಗಿನಿಂದ ಬರುವ ಸದ್ದು ಮೇಲಿನ ಲಿವರ್ ಹಿಡಿದ ಮಾತ್ರಕ್ಕೆ ಹೀಗೆ ಪೂರಾ ನಿಲ್ಲುವುದು ಅಪರೂಪ. ಹಿಡಿದೊಡನೆ ನಿಂತರೆ ಮೊದಲು ನೋಡಬೇಕಾದ್ದು ಲಿವರನ್ನೇ. ಲಿವರಿನ ಬುಡದಲ್ಲಿ ಒಂದು ಉಂಡೆಯಿದ್ದು, ಅದು ನೈಲಾನಿನ ಪುಟ್ಟ ಬಟ್ಟಲಿನಲ್ಲಿ ಕೂರುತ್ತದೆ. ಬಟ್ಟಲು ಹಾಳಾದರೆ ಎಂಜಿನ್ನಿನ ನಡುಕಕ್ಕೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಮಂಜುಳಾ ಒಂದೇ ವಾಕ್ಯದಲ್ಲಿ ಹೇಳಿದ್ದು ಇದನ್ನೇ. ಮೂವರು ಮೆಕ್ಯಾನಿಕ್‌ಗಳು ಅದನ್ನು ಆಕೆಯ ತಪ್ಪೊಪ್ಪಿಗೆಯೆಂದುಕೊಂಡೆವು.

ಶೆಡ್ಡಿಗೆ ಬಂದು ಲಿವರಿನ ಸುತ್ತಲಿನ ಪ್ಲಾಸ್ಟಿಕ್ ಕವಚದ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದೆ. ಆ ನಾತ ಇನ್ನೂ ಮೂಗಿನಲ್ಲಿದೆ. ಚಳಿಗೆ ಹೆಪ್ಪುಗಟ್ಟಿದ ಬಿಳಿ ಎಣ್ಣೆ, ಅದಕ್ಕೆ ಮೆತ್ತಿಕೊಂಡ ಧೂಳು, ಇಲಿಯ ಹಿಕ್ಕೆ, ಸೀಟಿನಿಂದ ಕಿತ್ತು ತಂದ ಹತ್ತಿ. ಆ ಹತ್ತಿಯ ನಡುವೆ ಕಣ್ಣು ಬಿಡದ ಎರಡು ಮರಿಗಳು ಸತ್ತು ಕೊಳೆತಿದ್ದವು. ಥೂ! ಡಿಪೋದಲ್ಲಿ ಎಂಥೆಂಥ ಕೊಳೆ ಬಳಿದವನು ನಾನು, ಅಂದು ಹೊರಗೆ ಓಡಿ ಬೇಲಿಯ ಪಕ್ಕ ವಾಂತಿ ಮಾಡಿಕೊಂಡೆ. ನೈಲಾನ್ ಬಟ್ಟಲನ್ನು ಇಲಿ ಮುಕ್ಕಾಲು ಭಾಗ ತಿಂದು ಹಾಕಿತ್ತು.

ಆ ಬಿಳಿ ಎಣ್ಣೆ ಕೊಬ್ಬರಿ ಎಣ್ಣೆ. ನಮ್ಮ ಕಡೆ ಬಾಗಿಲ ಕೀಲು ಕಿರುಗುಟ್ಟಲಿ, ಹೊಲಿಗೆ ಮಷೀನು ಬಿಗಿಯಾಗಲಿ, ಮನೆಯ ಗಾಣದೆಣ್ಣೆಯೇ ಔಷಧಿ. ಇಲಿಗೂ ಅದೇ ಹಬ್ಬದೂಟ.

"ಇಲ್ಲಿಗೆ ಎಣ್ಣೆ ಹಾಕಿದೋರು ಯಾರಮ್ಮ?" ಎಂದು ಕೇಳಿದೆ. ಮಂಜುಳಾ ಗೊತ್ತಿಲ್ಲವೆಂದರು. ಸಿದ್ದಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡು ಹೊರಗೆ ನೋಡುತ್ತಿದ್ದರು.

"ನಾನೇ ಹಾಕ್ದೆ," ಎಂದರು ಕೊನೆಗೆ. "ಗೌರಿ ಹಬ್ಬದ ಟೈಮಲ್ಲಿ ಗೇರ್ ರಾಡು ಕಿರ್ ಅಂತಿತ್ತು. ಅದರ ಬುಡದ ರಬ್ಬರ್ ಎತ್ತಿ ಒಂದು ಲೋಟ ಬಿಟ್ಟೆ. ಮನೇ ಎಣ್ಣೆ ಅಲ್ವಾ, ಏನಾಯ್ತದೆ ಅಂತ."

ಒಂದು ಲೋಟ! ಆಗ ಒಣಗಿದ್ದ ಬಟ್ಟಲಿಗೆ ಒಂದು ಚಿಟಿಕೆ ಗ್ರೀಸ್ ಸಾಕಿತ್ತು. ಎಣ್ಣೆ ಸುರಿದು ಇಲಿ ಕರೆದದ್ದು ಇವರು, ಮೂರು ತಿಂಗಳಿಂದ ಬೈಸಿಕೊಂಡದ್ದು ಆಕೆ. ಮಾರಿಸಲು ಹೊರಟದ್ದೂ ಇವರೇ. ಆ ಕೊಳೆತ ಹತ್ತಿಗಿಂತ ಇದು ನನಗೆ ಹೆಚ್ಚು ಹೇಸಿಗೆ ತಂದಿತು. ಮಂಜುಳಾ ಭಾವನ ಮುಖವನ್ನೇ ನೋಡುತ್ತ ನಿಂತರು. ಅವರ ಕಣ್ಣಲ್ಲಿ ನೀರಿತ್ತು.

ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ಮೂರು ಸಲ ತೊಳೆದೆ. ಬಸ್ ಸ್ಟ್ಯಾಂಡಿನ ಹತ್ತಿರದ ಸ್ಪೇರ್ ಅಂಗಡಿಯಲ್ಲಿ ಹೊಸ ಬಟ್ಟಲು ಸಿಕ್ಕಿತು, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದು. ಗ್ರೀಸ್ ಸವರಿ ಕೂರಿಸಿ, ಹರಿದ ರಬ್ಬರನ್ನೂ ಬದಲಾಯಿಸಿದೆ. ಅಷ್ಟೂ ಸೇರಿ ಎರಡು ಗಂಟೆಯ ಕೆಲಸ. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಮತ್ತೆ ಬೀರೂರು ರಸ್ತೆಗೆ ಹೋಗಿ ಬಂದೆವು, ಸದ್ದಿಲ್ಲ.

"ತಾಯಿ, ನೀವು ಸರಿಯಾಗೇ ಹೇಳಿದ್ರಿ. ನಾನು ಕೇಳಿಸ್ಕಳ್ಳಿಲ್ಲ, ತಪ್ಪಾಯ್ತು," ಎಂದೆ. ಇಷ್ಟು ವರ್ಷ ಸ್ಪ್ಯಾನರ್ ಹಿಡಿದ ನಾನು ಗಾಡಿ ತಂದವರೊಬ್ಬರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಚೌಳಹಿರಿಯೂರಿನ ಕಡೆ ಹಸುವೊಂದು ಬೆದೆಗೆ ಬಂದಿತ್ತಂತೆ. ಸಿದ್ದಪ್ಪ ಅಭ್ಯಾಸಬಲದಿಂದ ಕೀ ಎತ್ತಿಕೊಂಡು ಡ್ರೈವರ್ ಬಾಗಿಲಿಗೆ ಕೈ ಹಾಕಿದರು.

"ಕೀ ಕೊಡಿ ಭಾವ," ಎಂದರು ಮಂಜುಳಾ. ಅವರು ಕೊಟ್ಟರು. "ಸೋಮವಾರದೋರಿಗೆ ಬರ್ಬ್ಯಾಡಿ ಅಂತ ಈಗ್ಲೇ ಫೋನ್ ಮಾಡಿ. ಹಿಂದೆ ಕೂತ್ಕಂಡು ಮಾಡಿ."

ಈಗ ಯಾವ ಗಾಡಿ ಬಂದರೂ ಬಾನೆಟ್ಟು ತೆರೆಯುವ ಮೊದಲು, ದಿನವೂ ಅದನ್ನು ಓಡಿಸುವವರು ಯಾರೆಂದು ಕೇಳುತ್ತೇನೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಆಮೇಲೆ ಸ್ಪ್ಯಾನರ್ ಹಿಡಿಯುತ್ತೇನೆ. ಗೋಡೆಯನ್ನು ಆಗಾಗ ಒರೆಸುತ್ತಿರಬೇಕಾಗುತ್ತದೆ. "ಹಿಡ್ಕಂಡ್ರೆ ನಿಂತೋಗ್ತದೆ" ಎಂಬ ಸಾಲನ್ನು ಮಾತ್ರ ಇವತ್ತಿಗೂ ಒರೆಸಿಲ್ಲ.