ಅಣ್ಣನ ಕಿವಿಗೆ ನಾನಿಟ್ಟ ಪರೀಕ್ಷೆ

ಅಣ್ಣನಿಗೆ ಕಿವಿ ಕೇಳುವುದಿಲ್ಲ ಎಂದು ಖಚಿತವಾದ ದಿನ ನನಗೆ ಖುಷಿಯಾಯಿತು. ಇದನ್ನು ಮುಚ್ಚಿಡುವ ವಯಸ್ಸು ಈಗ ದಾಟಿದೆ.

ಆಗಿನ್ನೂ ತೊಂಬತ್ತರ ದಶಕ ಶುರುವಾಗಿತ್ತು. ದೊಡ್ಡಬಳ್ಳಾಪುರದಲ್ಲಿ ನಮ್ಮದು ಆರು ಪವರ್‌ಲೂಮಿನ ಶೆಡ್ಡು, ಅದರ ಹಿಂದೆಯೇ ಮನೆ. ಬೆಂಗಳೂರಿಗೆ ಸೀರೆ ಸಾಗಿಸಲು ಒಂದು ಹಳೇ ವ್ಯಾನಿತ್ತು, ಅದನ್ನು ಅಣ್ಣ ಓಡಿಸುತ್ತಿದ್ದ. ಹದಿನಾಲ್ಕಕ್ಕೇ ಮಗ್ಗಕ್ಕೆ ನಿಂತು ಇಪ್ಪತ್ತು ವರ್ಷ ಆ ಸದ್ದಿನಲ್ಲಿ ಬೆಂದವನು ಸ್ಟಿಯರಿಂಗ್ ಹಿಡಿದ ಮೇಲೆ ಬೇರೆಯೇ ಮನುಷ್ಯನಾಗಿಬಿಟ್ಟಿದ್ದ. ಇಸ್ತ್ರಿ ಮಾಡಿದ ಷರಟು, ನೀಟಾಗಿ ಬಾಚಿದ ತಲೆ, ಚಿಕ್ಕಪೇಟೆ ಅಂಗಡಿಗಳಲ್ಲಿ ಕೂರಿಸಿ ಕಾಫಿ ಕೊಡುವ ಮರ್ಯಾದೆ. ಲೈಸೆನ್ಸ್ ನನಗೂ ಇತ್ತು. ಆದರೂ ನಾನು ಮಗ್ಗದ ಮುಂದೆಯೇ ಕೊಳೆಯುತ್ತಿದ್ದೆ. ಹೊಟ್ಟೆಕಿಚ್ಚು ಎನ್ನುವುದು ಇದಕ್ಕೇ.

ಮಗ್ಗ ಓಡುವಾಗ ಶೆಡ್ಡಿನಲ್ಲಿ ಕಿರುಚಿದರೂ ಕೇಳುವುದಿಲ್ಲ. ಅದಕ್ಕೇ ನಾವು ದನಿ ತೆಗೆಯುತ್ತಲೇ ಇರಲಿಲ್ಲ. ಬರೀ ತುಟಿ ಆಡಿಸುತ್ತಿದ್ದೆವು, ಎದುರಿನವನು ಓದಿಕೊಳ್ಳುತ್ತಿದ್ದ. ನೂಲು ಮುಗೀತು, ಊಟಕ್ಕೆ ಬಾ, ನಿನ್ನ ತಲೆ, ಎಲ್ಲವೂ ತುಟಿಯಲ್ಲೇ. ಇಂಥ ಕಡೆ ಒಬ್ಬನ ಕಿವಿ ಹೋದರೆ ಯಾರಿಗೆ ಗೊತ್ತಾಗಬೇಕು?

ನನಗೆ ಗೊತ್ತಾಗಿದ್ದು ರಸ್ತೆಯಲ್ಲಿ. ಒಂದು ದಿನ ಹಿಂದಿನ ಗಾಜು ಮುಚ್ಚುವಷ್ಟು ಪೇರಿಸಿದ ಸೀರೆ ಗಂಟುಗಳ ಜೊತೆ ನಾನೂ ವ್ಯಾನಿನಲ್ಲಿದ್ದೆ. ರಾಜಾನುಕುಂಟೆಯಿಂದ ಒಂದು ಲಾರಿ ಬಿಡದೆ ಹಾರನ್ ಹೊಡೆಯುತ್ತ ಬೆನ್ನಿಗೆ ಬಿದ್ದಿತ್ತು. ಅಣ್ಣ ದಾರಿ ಬಿಡಲೇ ಇಲ್ಲ. ಕೊನೆಗೆ ಅದು ಪಕ್ಕದಿಂದ ನುಗ್ಗಿದಾಗ ಬೆಚ್ಚಿಬಿದ್ದು ಗಾಡಿಯನ್ನು ಹಳ್ಳದ ಅಂಚಿಗೆ ಎಳೆದ. "ಎಲ್ಲಿಂದ ಬಂದ್ನೋ ಇವ್ನು, ಹಾರನ್ನೂ ಹೊಡೀದೇ!" ಎಂದ. ಲೈಸೆನ್ಸ್ ನವೀಕರಣಕ್ಕೆ ಆ ತಿಂಗಳೇ ಡಾಕ್ಟರ ಸರ್ಟಿಫಿಕೇಟ್ ಬೇಕಿತ್ತು, ಅಲ್ಲೇ ಸಿಕ್ಕಿಬೀಳಲಿ ಎಂದುಕೊಂಡೆ.

ಡಾಕ್ಟರ ಹತ್ತಿರ ನಾನೇ ಜೊತೆಗೆ ಹೋದೆ. ಅವರು ಅಣ್ಣನನ್ನು ಎದುರಿಗೆ ಕೂರಿಸಿಕೊಂಡು, "ಕಿವಿ ಚೆನ್ನಾಗಿ ಕೇಳುತ್ತೇನಪ್ಪಾ?" ಎಂದರು. "ಕೇಳ್ತದೆ ಸಾರ್," ಎಂದ ಅಣ್ಣ, ಅವರ ತುಟಿಯಿಂದ ಕಣ್ಣು ಕೀಳದೆ. ಸಹಿ ಬಿತ್ತು.

ಮನೆಯಲ್ಲಿ ಅಪ್ಪನಿಗೆ ಹೇಳಿದರೆ ನನಗೇ ಉಗಿದರು. "ಡಾಕ್ಟ್ರೇ ಬರ್ಕೊಟ್ಟವ್ರೆ, ನೀನ್ಯಾವ ದೊಡ್ಡ ಡಾಕ್ಟ್ರು ಕಣ್ಲಾ?"

ಮುಂದಿನ ಮಂಗಳವಾರ ಮನೆಮಂದಿಯೆಲ್ಲ ಘಾಟಿ ಸುಬ್ರಹ್ಮಣ್ಯನ ದರ್ಶನಕ್ಕೆ ಹೊರಟೆವು. ಅಣ್ಣ-ಅತ್ತಿಗೆಗೆ ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಿರಲಿಲ್ಲ, ಅವರದೇ ಹರಕೆ. ನನ್ನ ಇಬ್ಬರು ಮಕ್ಕಳು ಆಗಲೇ ವ್ಯಾನಿನ ಹತ್ತಿರ ಕುಣಿಯುತ್ತಿದ್ದರು. ಮಕ್ಕಳ ಜೀವದ ಪ್ರಶ್ನೆ ಎಂದು ನಾನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಅಣ್ಣ ಸ್ಟಿಯರಿಂಗ್ ಮುಂದೆ, ಅತ್ತಿಗೆ ಅವನ ಪಕ್ಕದಲ್ಲಿ ಕೂತಿದ್ದರು, ಅಪ್ಪ ಬಾಗಿಲ ಬಳಿ ನಿಂತಿದ್ದರು. ನಾನು ಹಿಂದಿನ ಸೀಟಿಗೆ ಹತ್ತಿದೆ. "ಈಗ ನೋಡಿ ಅಪ್ಪ," ಎಂದು ಮಾಮೂಲಿ ದನಿಯಲ್ಲೇ ಅಣ್ಣನ ಬೆನ್ನಿಗೆ ಹೇಳಿದೆ: "ಘಾಟಿಗೆ ಎಷ್ಟ್ ಸಲ ಹೋದ್ರೂ ನಿಂಗೆ ಮಕ್ಳಾಗಲ್ಲ ಕಣೋ. ನೀನು ಗಂಡ್ಸೇ ಅಲ್ಲ."

ಬೇರೆ ಏನನ್ನಾದರೂ ಹೇಳಬಹುದಿತ್ತು. ಹಾವು ಬಂತು ಎಂದಿದ್ದರೂ ಸಾಕಿತ್ತು.

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಣ್ಣ ತಿರುಗಲಿಲ್ಲ. ಗಾಡಿಯ ಕೀ ಹಿಡಿದು ನೇರ ಮುಂದೆ ನೋಡುತ್ತ ಕೂತಿದ್ದ. ಅಪ್ಪ ಅವನೆದುರಿಗೆ ಬಂದು, "ಕೀ ಅವ್ನಿಗೆ ಕೊಡು," ಎಂದರು. ಯಾಕೆ ಎಂದು ಕೇಳಲಿಲ್ಲ ಅಣ್ಣ. ಕೀ ಕಿತ್ತು, ತಲೆ ತಿರುಗಿಸದೆ, ಹೆಗಲ ಮೇಲಿಂದ ನನಗೆ ಚಾಚಿದ.

ಗಾಡಿ ನನ್ನದಾಯಿತು. ಘಾಟಿಯವರೆಗೂ ಹಾರನ್ ಒತ್ತಿಕೊಂಡೇ ಹೋದೆ.

ದೇವಸ್ಥಾನದಲ್ಲಿ ಸುಬ್ರಹ್ಮಣ್ಯ ನಮ್ಮ ಕಡೆ ಮುಖ ಮಾಡಿದ್ದಾನೆ, ಬೆನ್ನಿಗಿರುವ ನರಸಿಂಹ ಆ ಕಡೆ. ಅವನ ದರ್ಶನಕ್ಕೆಂದೇ ಹಿಂದೆ ಕನ್ನಡಿ ಇಟ್ಟಿದ್ದಾರೆ. ಅಪ್ಪ ನನ್ನ ಮಗಳನ್ನು ಎತ್ತಿಕೊಂಡು, "ಕನ್ನಡಿ ನೋಡವ್ವ, ಹಿಂದಿರೋ ಸ್ವಾಮಿ ಕಾಣ್ತಾನೆ," ಎಂದರು. ಹುಟ್ಟಿದಾಗಿನಿಂದ ಆ ಕನ್ನಡಿಗೆ ಕೈಮುಗಿದವನು ನಾನು. ಮುಗಿದ ಕೈ ಹಾಗೇ ನಿಂತುಹೋಯಿತು.

ವ್ಯಾನಿಗೆ ವಾಪಸು ಬಂದು ಕೂತು ತಲೆಯೆತ್ತಿದೆ. ಡ್ರೈವರ್ ಮುಂದಿನ ಕನ್ನಡಿಯಲ್ಲಿ ಹಿಂದಿನ ಸೀಟು ಪೂರ್ತಿ ಕಾಣುತ್ತಿತ್ತು. ಬೆಳಿಗ್ಗೆ ನಾನಿದ್ದ ಜಾಗದಲ್ಲಿ ಈಗ ಅಣ್ಣ ಕೂತಿದ್ದ, ಎರಡೂ ಪಕ್ಕ ನನ್ನ ಮಕ್ಕಳು. ಅವನು ಈ ಕನ್ನಡಿಯಲ್ಲೇ ನನ್ನ ಪ್ರತಿಯೊಂದು ಮಾತನ್ನೂ ಓದಿಕೊಂಡಿದ್ದ. ತಿರುಗಿ ಒಂದು ಮಾತು ಬೈದಿದ್ದರೆ ಕಿವಿಯೂ ಪರೀಕ್ಷೆ ಗೆಲ್ಲುತ್ತಿತ್ತು, ಗಾಡಿಯೂ ಉಳಿಯುತ್ತಿತ್ತು. ಆದರೆ ಆ ಮಾತು ತನಗೆ ಮುಟ್ಟಿತೆಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳಬೇಕಿತ್ತು.

ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಶೆಡ್ಡಿನಲ್ಲಿ ಮಾತಾಡುವ ಹಾಗೆ, ದನಿಯಿಲ್ಲದೆ, ಅವನ ತುಟಿ ಆಡಿತು.

"ಮುಂದೆ ನೋಡ್ಕೊಂಡು ಓಡ್ಸು. ಮಕ್ಳವ್ರೆ."