ನೇರಳೆ ದೀಪದ ಕೆಳಗೆ ಹತ್ತು ಬೆರಳು

ನನ್ನ ರಕ್ತ ನನಗೇ ತಣ್ಣಗೆ ವಾಪಸ್ಸು ಬಂದದ್ದು ಅಮೆರಿಕದ ರಾಲಿ ಊರಿಗೆ ಬಂದ ಎಂಟನೆಯ ತಿಂಗಳಲ್ಲಿ. ಬಲಗೈಯ ಮೊಣಕೈ ಒಳಮಗ್ಗುಲಿಗೆ ಸೂಜಿ ಚುಚ್ಚಿ, ರಕ್ತವನ್ನು ಒಂದು ಯಂತ್ರಕ್ಕೆ ಎಳೆದುಕೊಂಡು, ಅದರೊಳಗಿನ ಹಳದಿ ನೀರನ್ನು ಬಾಟಲಿಗೆ ಇಳಿಸಿ, ಉಳಿದ ಕೆಂಪನ್ನು ಅದೇ ಸೂಜಿಯಿಂದ ನನ್ನೊಳಕ್ಕೆ ಬಿಟ್ಟರು. ಹೊರಗೆ ಜೂನ್ ತಿಂಗಳ ಧಗೆ. ಒಳಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಹೀಗೆ ಎದ್ದು ಓಡಿದರೆ ಅರ್ಧ ರಕ್ತ ಯಂತ್ರದಲ್ಲೇ ಉಳಿದುಬಿಡುತ್ತದಲ್ಲ ಎಂದು ಹೆದರಿ ಮಲಗಿಯೇ ಇದ್ದೆ.

ಆ ಹಳದಿ ನೀರೇ ಪ್ಲಾಸ್ಮಾ. ಔಷಧಿ ತಯಾರಿಸಲು ಬೇಕಾಗುತ್ತದೆ. ವಾರಕ್ಕೆ ಎರಡು ಸಲ ಕೊಡಬಹುದು, ಕೊಟ್ಟವರಿಗೆ ಹಣ. ಹಣ ಪ್ಲಾಸ್ಮಾಕ್ಕಲ್ಲ, ನೀವು ಇಲ್ಲಿ ಕಳೆದ ಹೊತ್ತಿಗೆ ಎಂದು ಗೋಡೆಯ ಮೇಲೆ ಬರೆದಿದ್ದರು. ಅದನ್ನು ನಾನು ಪ್ರತಿ ಸಲವೂ ಎರಡೆರಡು ಬಾರಿ ಓದುತ್ತಿದ್ದೆ, ಯಾಕೆಂದರೆ ನನ್ನದು ಡಿಪೆಂಡೆಂಟ್ ವೀಸಾ. ಗಂಡನ ಬೆನ್ನಿಗೆ ಅಂಟಿಕೊಂಡು ಬಂದವಳ ವೀಸಾ ಎಂದರೂ ಸರಿ. ದುಡಿಯುವಂತಿಲ್ಲ. ಮಲಗಿಕೊಂಡು ಹೊತ್ತು ಕಳೆಯುವುದು ದುಡಿಮೆಯೋ ಅಲ್ಲವೋ ಎಂದು ಯಾರನ್ನಾದರೂ ಕೇಳೋಣವೆಂದರೆ, ಕೇಳಿದ ತಕ್ಷಣ ಸಿಕ್ಕಿಬಿದ್ದಂತೆಯೇ ಅಲ್ಲವೇ?

ನಮ್ಮವರು, ಶ್ರೀಧರ್, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದಾರೆ. ಬೇಸಿಗೆಯ ಮೂರು ತಿಂಗಳು ಅವರಿಗೆ ಸಂಬಳ ಬರುವುದಿಲ್ಲ, ಮನೆಯ ಬಾಡಿಗೆಗೆ ಮಾತ್ರ ಬೇಸಿಗೆ ರಜೆ ಇಲ್ಲ. ಕ್ಯಾಂಪಸ್ಸಿನಲ್ಲಿ ಪುಕ್ಕಟೆ ಹಂಚುವ ಪತ್ರಿಕೆಯೊಂದರಲ್ಲಿ ಜಾಹೀರಾತು ನೋಡಿ, ಅವರಿಗೆ ಲೈಬ್ರರಿಗೆ ಎಂದು ಹೇಳಿ, ನಾನು ಬಸ್ಸು ಹತ್ತಿದೆ. ಮೈಸೂರಿನಲ್ಲಿ ಬಸ್ಸಿನೊಳಗೆ ನಿಲ್ಲಲು ಜಾಗವಿಲ್ಲ, ಇಲ್ಲಿ ಬಸ್ಸಿನ ತುಂಬಾ ಜಾಗ. ಕಾರಿಲ್ಲದವರು ಮಾತ್ರ ಹತ್ತುವ ಬಸ್ಸು ಅದು. ಇಳಿಯುವ ಕಡೆ ಒಂದು ಬಟ್ಟೆ ಒಗೆಯುವ ಅಂಗಡಿ, ಒಂದು ಗಿರವಿ ಅಂಗಡಿ, ಎರಡರ ನಡುವೆ ಪ್ಲಾಸ್ಮಾ ಕೇಂದ್ರ.

ಇದೆಲ್ಲ ನನಗೆ ಹೊಸದೆಂದು ತಿಳಿಯಬೇಡಿ. ಮದುವೆಗೆ ಮುಂಚೆ ಆರು ವರ್ಷ ನಾನು ಮೈಸೂರಿನ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಅಲ್ಲಿ ಸೂಜಿ ನನ್ನ ಕೈಯಲ್ಲಿರುತ್ತಿತ್ತು. ರಕ್ತ ಮಾರಲು ಬರುವವರು ಬೆಳಿಗ್ಗೆಯೇ ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಮೂರು ತಿಂಗಳಿಗೊಮ್ಮೆ ಕೊಡಬೇಕಾದವರು ಮೂರು ವಾರಕ್ಕೇ ಬಂದು, ಹೆಸರು ಬದಲಿಸಿ ಹೇಳುತ್ತಿದ್ದರು. ಅವರ ತೋಳನ್ನು ಬೆಳಕಿಗೆ ತಿರುಗಿಸಿ ಸೂಜಿಯ ಗುರುತು ಹುಡುಕುವುದರಲ್ಲಿ ನನ್ನದು ಎತ್ತಿದ ಕೈ. ಸುಳ್ಳು ಹೇಳಿದವರನ್ನು ಚೆನ್ನಾಗಿ ಝಾಡಿಸಿ ಕಳಿಸುತ್ತಿದ್ದೆ. ಅದು ನನಗೆ ಹೆಮ್ಮೆಯ ವಿಷಯವೂ ಆಗಿತ್ತು.

ಇಲ್ಲಿ ತೋಳು ನೋಡುವುದರ ಜೊತೆಗೆ ಇನ್ನೊಂದು ಉಪಾಯವಿತ್ತು. ಕೊಟ್ಟವರ ಒಂದು ಬೆರಳಿನ ಉಗುರಿನ ಬುಡಕ್ಕೆ ಕಣ್ಣಿಗೆ ಕಾಣದ ಶಾಯಿ ಹಚ್ಚುತ್ತಾರೆ. ನಮ್ಮಲ್ಲಿ ಓಟು ಹಾಕಿದವರಿಗೆ ಹಚ್ಚುವುದಿಲ್ಲವೇ, ಹಾಗೆ. ಎರಡು ದಿನ ಕಳೆದರೆ ಅದು ಮಾಸುತ್ತದೆ. ಮುಂದಿನ ಸಲ ಬಂದಾಗ ಹತ್ತೂ ಬೆರಳನ್ನು ಒಂದು ಪೆಟ್ಟಿಗೆಯೊಳಗಿನ ನೇರಳೆ ದೀಪದ ಕೆಳಗೆ ಹಿಡಿಯಬೇಕು. ಶಾಯಿ ಹೊಳೆದರೆ ನೀವು ಬೇರೆ ಕೇಂದ್ರದಲ್ಲೂ ಕೊಟ್ಟು ಬಂದಿದ್ದೀರಿ ಎಂದರ್ಥ. ಅಂಥವರ ಹೆಸರು ಎಲ್ಲ ಕೇಂದ್ರಗಳಿಗೂ ಹೋಗುತ್ತದೆ ಎಂದು ಮೊದಲ ದಿನವೇ ಎಚ್ಚರಿಸಿದ್ದರು. ಅಲ್ಲಿಂದ ಅದು ವೀಸಾ ಕೊಡುವವರ ಮೇಜಿಗೂ ಹೋಗುತ್ತದೆ ಎಂಬುದನ್ನು ಅವರು ಹೇಳಿರಲಿಲ್ಲ, ನಾನೇ ಸೇರಿಸಿಕೊಂಡಿದ್ದೆ.

ಆಗಸ್ಟ್ ಬಂತು, ವರಮಹಾಲಕ್ಷ್ಮಿ ಹಬ್ಬವೂ ಬಂತು. ವಿಮಲಾ ಆಂಟಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಅವರ ಯಜಮಾನರು ಇಲ್ಲಿ ಡಾಕ್ಟರು, ಬಂದು ಇಪ್ಪತ್ತೈದು ವರ್ಷವಾಗಿದೆ. ಊರಿಂದ ಬಂದ ನಮ್ಮಂಥವರಿಗೆಲ್ಲ ತವರುಮನೆ ಅದು. ಎರಡೂ ತೋಳಿನ ಗುರುತು ಮುಚ್ಚಲು ನಾನು ಉದ್ದ ತೋಳಿನ ರವಿಕೆ ತೊಟ್ಟು ಹೋಗಿದ್ದೆ. ಈ ಸೆಕೆಯಲ್ಲಿ ಇದ್ಯಾಕೆ ಎಂದು ಆಂಟಿ ಕೇಳಿಯೇಬಿಟ್ಟರು. ನಿಮ್ಮ ಮನೆ ಎಸಿ ಥಂಡಿ ಆಂಟಿ ಎಂದೆ. ಅವರು ನಕ್ಕು, ಮೈಸೂರಿಂದ ತರಿಸಿದ ಅರಿಶಿನವನ್ನು ನನ್ನ ಕೆನ್ನೆಗೆ, ಕೈಗೆ, ಪಾದಕ್ಕೆ ಧಾರಾಳವಾಗಿ ಬಳಿದರು. ನನ್ನ ಮಾಂಗಲ್ಯ ಅರಿಶಿನದ ದಾರದಲ್ಲಿತ್ತು. ಚಿನ್ನದ ಸರವನ್ನು ಕಳ್ಳರ ಭಯಕ್ಕೆ ಅಮ್ಮನ ಬೀರುವಿನಲ್ಲೇ ಬಿಟ್ಟು ಬಂದಿದ್ದೆ. ಆ ದಾರಕ್ಕೂ ಆಂಟಿ ಹೊಸ ಅರಿಶಿನ ಹಚ್ಚಿ, ಮುತ್ತೈದೆಯಾಗಿ ಬಾಳು ಎಂದರು. ನನಗೆ ಅಮ್ಮನ ಕೈ ನೆನಪಾಯಿತು.

ಮರುದಿನ ಶನಿವಾರ, ಸೋಪಿನಲ್ಲಿ ಕೈ ತೊಳೆದುಕೊಂಡು ಕೇಂದ್ರಕ್ಕೆ ಹೋದೆ. ದೀಪದ ಹತ್ತಿರ ಕೂರುತ್ತಿದ್ದವಳು ಲೊರೆಟ್ಟಾ, ನಲವತ್ತು ದಾಟಿದ ಕಪ್ಪು ಹೆಂಗಸು, ನನ್ನನ್ನು ಮಗಳೇ ಎಂದು ಕರೆಯುತ್ತಿದ್ದವಳು. ಎಂದಿನಂತೆ ಹವಾಮಾನದ ಮಾತಾಡುತ್ತಾ ನನ್ನ ಕೈ ಪೆಟ್ಟಿಗೆಯೊಳಗೆ ಇಡಿಸಿದಳು. ಮಾತು ಅರ್ಧಕ್ಕೇ ನಿಂತಿತು.

ಹತ್ತೂ ಬೆರಳು ಹೊಳೆಯುತ್ತಿದ್ದವು. ಉಗುರಿನ ಬುಡ, ಗೆಣ್ಣಿನ ಗೆರೆ, ಅಂಗೈಯ ರೇಖೆ, ಎಲ್ಲ ಕಡೆ ಹಸಿರು ಬೆರೆತ ಹಳದಿ ಬೆಳಕು. ಹೊರಗೆ ತೆಗೆದರೆ ಮಾಮೂಲಿ ಕೈ, ಒಳಗಿಟ್ಟರೆ ದೆವ್ವದ ಕೈ. ನಾನೇನೂ ಮಾಡಿಲ್ಲ ಎಂದು ಗೊತ್ತಿದ್ದೂ, ಏನೋ ಮಾಡಿಬಿಟ್ಟಿದ್ದೇನೆ ಎನ್ನಿಸಿತು.

ಲೊರೆಟ್ಟಾ ಮೇಲ್ವಿಚಾರಕನನ್ನು ಕರೆದಳು. ಎತ್ತರದ ಬಿಳಿಯ ಮನುಷ್ಯ, ದನಿ ಏರಿಸುವವನಲ್ಲ. ಬೇರೆ ಎಲ್ಲಿ ಕೊಟ್ಟೆ ಎಂದು ಕೇಳಿದ. ಎಲ್ಲೂ ಇಲ್ಲ ಎಂದೆ. ಶಾಯಿ ಒಂದೇ ಬೆರಳಿಗಲ್ಲವೇ ಹಚ್ಚುವುದು ಎಂದು ಲೊರೆಟ್ಟಾ ನನ್ನ ಪರ ಹೇಳಿದಳು. ಗುರುತು ಮುಚ್ಚಲು ಕೈಗೆಲ್ಲ ಏನಾದರೂ ಬಳಿದುಕೊಳ್ಳುವವರನ್ನು ನೋಡಿದ್ದೇನೆ ಎಂದು ಅವನೆಂದ. ಸಾಲಿನಲ್ಲಿ ಕೂತವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ಇದು ನಿನ್ನೆ ಆಂಟಿ ಬಳಿದ ಅರಿಶಿನವೇ ಎಂದು ನನಗೆ ಆಗ ತೋಚಿತು, ಆದರೆ ನನ್ನ ಇಂಗ್ಲಿಷ್ ಅದೇ ಹೊತ್ತಿಗೆ ಕೈಕೊಟ್ಟಿತು. ಹಳದಿ ಪುಡಿ, ಅಡುಗೆ, ದೇವರು, ಹಬ್ಬ ಎಂದು ಬಿಡಿ ಬಿಡಿ ಮಾತು ಹೊರಬಿತ್ತು. ಅಡುಗೆಯ ಪುಡಿಯನ್ನು ಕೈಗೇಕೆ ಹಚ್ಚಿಕೊಂಡೆ ಎಂದು ಅವನು ಕೇಳಿದಾಗ ಮತ್ತೆ ದೇವರು, ಹಬ್ಬ ಎಂದೆ.

ಆಗಲೇ ನನಗೆ ಚಿಕ್ಕಣ್ಣ ಕಣ್ಣಮುಂದೆ ಬಂದದ್ದು. ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಮಂಡಿಯ ಹಮಾಲಿ. ಒಂದು ದಿನ ಅವನ ತೋಳಿನಲ್ಲಿ ಹೊಸ ಗುರುತು ಕಂಡು ನಾನು ಕೂಗಾಡಿದ್ದೆ. ಅವನು ಮೆಲ್ಲಗೆ ಹೇಳಿದ್ದು ಇಷ್ಟು:

"ಕೊಟ್ಟಿಲ್ಲ ಕಣವ್ವ. ಜ್ವರ ಬಂದಿತ್ತು, ಗ್ಲೂಕೋಸ್ ಏರ್ಸಿದ್ರು. ಅದ್ರ ಗುರ್ತು."

ಎಲ್ಲರೂ ಹೇಳುವುದು ಇದನ್ನೇ ಎಂದು ಅವನನ್ನು ಹೊರಗೆ ಕಳಿಸಿದೆ. ಅವನು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಹೋದ. ನಿಜ ಹೇಳಿದನೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ. ಆವತ್ತು ತಿಳಿಯಬೇಕೆಂದು ಅನ್ನಿಸಲೂ ಇಲ್ಲ.

ಮೇಲ್ವಿಚಾರಕ ಫೋನಿನ ಕಡೆ ಕೈ ಚಾಚಿದ. ನಾನು ಅಂಗಿಯ ಕಾಲರಿನೊಳಗೆ ಕೈ ಹಾಕಿ ಮಾಂಗಲ್ಯದ ದಾರವನ್ನು ಹೊರಗೆಳೆದೆ. ಕತ್ತಿನಿಂದ ಬಿಚ್ಚಲು ಮನಸ್ಸು ಬರಲಿಲ್ಲ. ಬಗ್ಗಿ, ತಲೆಯನ್ನೇ ಪೆಟ್ಟಿಗೆಯ ಬಾಯಿಗೆ ತಂದು, ದಾರವನ್ನು ದೀಪದ ಕೆಳಗೆ ಹಿಡಿದೆ. ಅದು ಬೆರಳುಗಳಿಗಿಂತ ಜೋರಾಗಿ ಹೊಳೆಯಿತು. ಇದು ನನ್ನ ಮದುವೆ, ಅದೇ ಪುಡಿ ಎಂದೆ. ಅಷ್ಟು ಹೇಳಿದ್ದು ನೆನಪಿದೆ. ಆಮೇಲೆ ಅತ್ತುಬಿಟ್ಟೆ.

ಫೋನಿನಿಂದ ಅವನ ಕೈ ಹಿಂದಕ್ಕೆ ಬಂತು. ಆದರೆ ನಂಬಿದೆ ಎಂದು ಅವನು ಹೇಳಲಿಲ್ಲ. ಸೋಮವಾರ ಬಾ, ಆಗಲೂ ಕೈ ಹೊಳೆದರೆ ಹೆಸರು ಬರೆದು ಕಳಿಸಲೇಬೇಕಾಗುತ್ತದೆ, ಬಾರದೇ ಹೋದರೂ ಅಷ್ಟೇ ಎಂದ. ಲೊರೆಟ್ಟಾ ಬಾಗಿಲವರೆಗೆ ಬಂದು, ನನಗೆ ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು, ಚೆನ್ನಾಗಿ ಉಜ್ಜಿಕೋ ಮಗಳೇ ಎಂದಳು.

ಆ ಎರಡು ದಿನ ನಾನು ಉಜ್ಜಿದ್ದು ಅಷ್ಟಿಷ್ಟಲ್ಲ. ನಿಂಬೆಹಣ್ಣು, ಪಾತ್ರೆ ಸೋಪು, ಬಟ್ಟೆ ಸೋಪು, ಕೊನೆಗೆ ಉಗುರಿನ ಬಣ್ಣ ತೆಗೆಯುವ ದ್ರಾವಣ. ಚರ್ಮ ಕೆಂಪಗಾಗಿ ಉರಿಯತೊಡಗಿತು. ಹೋಯಿತೋ ಇಲ್ಲವೋ ನೋಡೋಣವೆಂದರೆ ಮನೆಯಲ್ಲಿ ಆ ದೀಪವಿಲ್ಲ. ಸಾರಿಗೂ ಅರಿಶಿನ ಹಾಕಲಿಲ್ಲ. ಪಾರ್ಕಿಂಗ್ ಜಾಗದಲ್ಲಿ ಯಾವ ಕಾರು ನಿಂತರೂ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದೆ. ಭಾನುವಾರ ಸಂಜೆ ದಾರವನ್ನು ಬಿಚ್ಚಿ, ಮಾಂಗಲ್ಯವನ್ನು ಹೊಲಿಗೆಯ ಬಿಳಿ ನೂಲಿಗೆ ಪೋಣಿಸಿದೆ. ಬಿಚ್ಚುವಾಗ ಅಮ್ಮ ಎಲ್ಲೋ ನಿಂತು ನೋಡುತ್ತಿದ್ದಾಳೆ ಎನ್ನಿಸಿತು.

ನಮ್ಮವರು ಸಾಮಾನ್ಯವಾಗಿ ತಟ್ಟೆಯಲ್ಲಿ ಏನಿದೆ ಎಂಬುದನ್ನೂ ಗಮನಿಸುವವರಲ್ಲ. ಆವತ್ತು ಊಟಕ್ಕೆ ಕೂತವರು ನನ್ನ ಕತ್ತು ನೋಡಿದರು.

"ದಾರ ಎಲ್ಲಿ?"

ಹೇಳಿದೆ. ಜೂನಿನಿಂದ ಎಲ್ಲವನ್ನೂ ಹೇಳಿದೆ. ಅವರು ನನ್ನ ತೋಳು ಎಳೆದು ಅಂಗಿಯ ತೋಳನ್ನು ಮೇಲೆ ಸರಿಸಿ ಬೆಳಕಿಗೆ ಹಿಡಿದರು. ನಾನು ಅಷ್ಟು ಜನರ ತೋಳು ಹಿಡಿದಿದ್ದೆನಲ್ಲ, ಹಾಗೆಯೇ. ಆದರೆ ಕೂಗಾಡಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ಭಯ ಆಯ್ತು ಕಣ್ರೀ. ನಿಮ್ ಓದು ನಿಂತ್ಹೋದ್ರೆ ಅಂತ."

ಅವರು ನನ್ನ ಅಂಗಿಯ ತೋಳನ್ನು ಮತ್ತೆ ಕೆಳಗೆ ಎಳೆದು ಗುಂಡಿ ಹಾಕಿದರು. ಕೊನೆಗೆ, ನಾಳೆ ನಾನೂ ಬರ್ತೀನಿ, ಇದೇ ಕೊನೆ ಸಲ ಎಂದರು.

ಸೋಮವಾರ ಅವರು ಕೇಂದ್ರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಣ್ಣಿನ ಪುಸ್ತಕ ಬಿಡಿಸಿಕೊಂಡು ಕೂತರು. ಪುಟ ತಿರುವಿದ್ದು ನಾನು ಕಾಣೆ. ಮೇಲ್ವಿಚಾರಕನೇ ದೀಪ ಹಾಕಿದ. ನಾನು ಕಣ್ಣು ಮುಚ್ಚಿ ಕೈ ಒಳಗಿಟ್ಟೆ. ಸರಿ ಇದೆ ಎಂಬ ಅವನ ಮಾತು ಕೇಳಿ ಕಣ್ಣು ಬಿಟ್ಟೆ. ಬೆರಳುಗಳು ಕಪ್ಪಗಿದ್ದವು. ಎಲ್ಲೂ ಒಂದು ಚುಕ್ಕೆ ಬೆಳಕಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಅರಿಶಿನ ಹೋದದ್ದಕ್ಕೆ ಇಷ್ಟು ಸಂತೋಷವೇ ಎಂದು ಅದರ ಹಿಂದೆಯೇ ನಾಚಿಕೆಯೂ ಆಯಿತು. ಆವತ್ತು ಮಲಗಿ ಕೊಟ್ಟೆ. ತಣ್ಣನೆಯ ರಕ್ತ ಒಳಗೆ ಬರುವಾಗ ಲೊರೆಟ್ಟಾ ಕಂಬಳಿ ಹೊದಿಸಿದಳು. ಏಳುವಾಗ ಉಗುರಿಗೆ ಶಾಯಿ ಹಚ್ಚಿದಳು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಮನೆಗೆ ಬಂದು ಹಳೆಯ ದಾರಕ್ಕೇ ಮಾಂಗಲ್ಯ ಪೋಣಿಸಿಕೊಂಡೆ. ಆಮೇಲೆ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಸುಜಾತಾಗೆ ಕಾಗದ ಬರೆದೆ. ಚಿಕ್ಕಣ್ಣ ಎಂಬ ಹಮಾಲಿ ಈಗಲೂ ಬರುತ್ತಾನೆಯೇ, ಬಂದರೆ ಆವತ್ತು ಗ್ಲೂಕೋಸ್ ಹಾಕಿದ್ದು ಯಾವ ಆಸ್ಪತ್ರೆಯಲ್ಲಿ ಎಂದು ಕೇಳು, ಬೇಡ, ಅದನ್ನು ಕೇಳಬೇಡ, ನಾನು ನಂಬುತ್ತೇನೆ ಎಂದು ಮಾತ್ರ ಹೇಳು ಎಂದು. ಇಲ್ಲಿ ನಡೆದದ್ದನ್ನು ಬರೆಯಲಿಲ್ಲ.

ಒಂದು ತಿಂಗಳಿಗೆ ಉತ್ತರ ಬಂತು. ಮಗಳು ಶಾಲೆಗೆ ಸೇರಿದ್ದು, ಹೊಸ ಫ್ರಿಜ್ ಬಂದದ್ದು ಎಲ್ಲ ಬರೆದು ಕೊನೆಯಲ್ಲಿ, ಚಿಕ್ಕಣ್ಣ ಯಾರೇ, ನನಗೆ ನೆನಪೇ ಆಗಲಿಲ್ಲ, ಅಂಥವರು ದಿನಾ ಎಷ್ಟೋ ಜನ ಬಂದು ಹೋಗುತ್ತಾರಲ್ಲ ಎಂದಿದ್ದಳು. ಕಾಗದ ಹಿಡಿದು ಅಡುಗೆಮನೆಯಲ್ಲಿ ನಿಂತುಕೊಂಡೆ. ನನ್ನನ್ನು ಯಾರಾದರೂ ಗಿರವಿ ಅಂಗಡಿಯ ಪಕ್ಕದ ಆ ಬಾಗಿಲಲ್ಲಿ ವಿಚಾರಿಸಿದರೆ, ಲೊರೆಟ್ಟಾ ಕೂಡ ಸ್ವಲ್ಪ ಯೋಚಿಸಿ ಇದೇ ಮಾತು ಹೇಳಿಯಾಳು. ಮೈಸೂರಿನ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಹೋದವನ ಪಕ್ಕದಲ್ಲಿ ಈಗ ನನಗೂ ಒಂದು ಜಾಗವಿದೆ. ಅಲ್ಲಿಂದ ಒಳಗೂ ಹೋಗಲಾರೆ, ಹೊರಟೂ ಹೋಗಲಾರೆ.